ಕ್ರಿಸ್ತ ಜಯಂತಿಯೂ ಮನೆಯ ಪದ್ಧತಿಗಳೂ

ಮೊದಲು ಓದತಕ್ಕ ಭಾಗ: ವಿಮೋಚನಕಾಂಡ 12ನೆಯ ಅಧ್ಯಾಯ, 24ರಿಂದ 27ನೆಯ ವಚನಗಳು.



ವರುಷವು ಮುಗಿಯುತ್ತಾ ಬಂತು. ಕ್ರಿಸ್ತ ಜಯಂತಿಯ ಹಬ್ಬವು ಸಮೀಪಿಸಿದೆ. ಮನೆಗಳಿಗೆ ಸುಣ್ಣ ಬಳಿಯುವದೂ, ಅಂಗಳ ಸಾರಿಸುವದೂ, ಹಿಟ್ಟು ಬೀಸಿಸಿ ಕರ್ಚಿಕಾಯಿ ಚಕ್ಕುಲಿಗಳಿಗೆ ಸಿದ್ಧಮಾಡುವದೂ ನಡೆಯುತ್ತಲಿದೆ. ಇದರ ಸಂಗಡ ಅನೇಕ ಮನೆಗಳಲ್ಲಿ ಒಂದು ಸಣ್ಣ ವಾದವೂ ನಡೆಯುವದುಂಟು. ಹಿರಿಯರು, ನಮ್ಮ ಕಾಲದಲ್ಲಿ ಹಬ್ಬವು ಹೀಗಿರಲಿಲ್ಲ ಎನ್ನುತ್ತಾರೆ. ಕಿರಿಯರು, ಕಾಲ ಬದಲಾಗಿದೆ ಎನ್ನುತ್ತಾರೆ. ಇಬ್ಬರು ಹೇಳುವದೂ ನಿಜವೇ. ಆದರೆ ಹಳೇ ಪದ್ಧತಿಯು ಹೋದ ಮಾತ್ರಕ್ಕೆ ಹಬ್ಬವು ಕೆಡುವದಿಲ್ಲ. ಹೊಸ ಪದ್ಧತಿಯು ಬಂದ ಮಾತ್ರಕ್ಕೆ ಅದು ಸೊಗಸಾಗುವದೂ ಇಲ್ಲ. ಹಾಗಾದರೆ ಹಬ್ಬವು ಯಾವದರಿಂದ ಕೆಡುತ್ತದೆ, ಯಾವದರಿಂದ ಉಳಿಯುತ್ತದೆ ಎಂಬದನ್ನು ಈ ತಿಂಗಳು ನಾವು ಕೂಡಿ ಯೋಚಿಸೋಣ.

ಇಸ್ರಾಯೇಲ್ಯರು ಐಗುಪ್ತದಿಂದ ಹೊರಡುವದಕ್ಕೆ ಮುಂಚೆ ಮೋಶೆಯು ಅವರಿಗೆ ಪಸ್ಕ ಹಬ್ಬದ ನೇಮಗಳನ್ನು ತಿಳಿಸಿದನು. ಕುರಿಮರಿಯನ್ನು ಹೇಗೆ ಕೊಯ್ಯಬೇಕು, ರಕ್ತವನ್ನು ಎಲ್ಲಿ ಹಚ್ಚಬೇಕು ಎಂಬದೆಲ್ಲವನ್ನೂ ಹೇಳಿದ ಮೇಲೆ ಅವನು ಇನ್ನೊಂದು ಮಾತನ್ನು ಕೂಡಿಸಿದನು. ಅದೇನಂದರೆ, ಮುಂದೆ ನಿಮ್ಮ ಮಕ್ಕಳು ಈ ಆಚರಣೆಯ ಅರ್ಥವನ್ನು ನಿಮ್ಮಿಂದ ವಿಚಾರಿಸುವ ದಿನವು ಬರುವದು. ಆಗ ಯೆಹೋವನು ನಮ್ಮನ್ನು ಉಳಿಸಿದ ಸಂಗತಿಯನ್ನು ನೀವು ಅವರಿಗೆ ಹೇಳಬೇಕು ಎಂಬದೇ. ನೋಡಿರಿ, ದೇವರು ತನ್ನ ಜನರಿಗೆ ಹಬ್ಬವನ್ನು ಮಾತ್ರ ಕೊಡಲಿಲ್ಲ. ಹಬ್ಬದ ಸಂಗಡ ಮಗುವಿನ ಪ್ರಶ್ನೆಯನ್ನೂ, ಆ ಪ್ರಶ್ನೆಗೆ ತಂದೆತಾಯಿಗಳು ಕೊಡತಕ್ಕ ಉತ್ತರವನ್ನೂ ಕೊಟ್ಟನು. ಉತ್ತರವಿಲ್ಲದ ಹಬ್ಬವು ಎಣ್ಣೆಯಿಲ್ಲದ ಹಣತೆಯಂತಿರುವದು. ಹಣತೆಯು ಎಷ್ಟು ಚಂದವಾಗಿದ್ದರೂ ಮನೆಗೆ ಬೆಳಕಾಗದು.

ನಮ್ಮ ಹಬ್ಬದ ಪದ್ಧತಿಗಳು ಬೇತ್ಲೆಹೇಮಿನಿಂದ ನೇರವಾಗಿ ನಮಗೆ ಬಂದವುಗಳಲ್ಲವೆಂಬದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ಕರ್ತನು ಹುಟ್ಟಿದ ದಿನವನ್ನೂ ತಿಂಗಳನ್ನೂ ಸತ್ಯವೇದವು ತಿಳಿಸುವದಿಲ್ಲ. 354ರಲ್ಲಿ ರೋಮಾಪುರಿಯಲ್ಲಿ ಕೂಡಿಸಿ ಬರೆಯಲ್ಪಟ್ಟ ಒಂದು ಪಂಚಾಂಗದಲ್ಲಿ ಡಿಸೆಂಬರ್ 25ನೆಯ ದಿನವು ಆತನ ಜನನದ ದಿನವಾಗಿ ಕಾಣುತ್ತದೆ. ಅರ್ಮೇನ್ಯ ದೇಶದ ಪುರಾತನ ಸಭೆಯವರಾದರೋ ಇಂದಿಗೂ ಜನವರಿ 6ರಂದು ಆತನ ಜನನವನ್ನೂ ದೀಕ್ಷಾಸ್ನಾನವನ್ನೂ ಒಟ್ಟಿಗೆ ನೆನಸುತ್ತಾರೆ. ಹಸುರು ಮರವನ್ನು ಮನೆಯೊಳಗೆ ನಿಲ್ಲಿಸಿ, ಅದಕ್ಕೆ ಕಾಗದದ ಹೂವುಗಳನ್ನೂ ಸೇಬುಗಳನ್ನೂ ಕಟ್ಟುವ ಪದ್ಧತಿಯು ಸ್ಟ್ರಾಸ್‌ಬುರ್ಗ್ ಪಟ್ಟಣದಲ್ಲಿತ್ತೆಂದು 1605ರ ಒಂದು ಬರಹದಿಂದ ತಿಳಿಯುತ್ತದೆ. ಹೀಗೆ ಇಂದು ನಾವು ಹಳೇದೆಂದು ಹೇಳುವ ಪ್ರತಿಯೊಂದೂ ಒಂದು ಕಾಲದಲ್ಲಿ ಹೊಸದಾಗಿತ್ತು.

ನಮ್ಮಂತೆಯೇ ಪ್ರೊಟೆಸ್ಟಂಟರಾದ ಕೆಲವರು ಈ ಹಬ್ಬವನ್ನೇ ಬೇಡವೆಂದದ್ದುಂಟು. ಅದು ದೇವರ ವಾಕ್ಯದಲ್ಲಿ ವಿಧಿಸಲ್ಪಟ್ಟದ್ದಲ್ಲ, ಅದರ ನೆವದಿಂದ ಕುಡಿತವೂ ಜೂಜೂ ಹೆಚ್ಚುತ್ತವೆ ಎಂದು ಹೇಳಿ, 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನವರು ಅದನ್ನು ರದ್ದುಮಾಡಿದರು. ಅಮೇರಿಕದ ಮಾಸಚೂಸೆಟ್ಸ್ ಸೀಮೆಯಲ್ಲಿ 1659ರಿಂದ 1681ರ ವರೆಗೆ, ಈ ಹಬ್ಬವನ್ನು ಆಚರಿಸಿದವನಿಗೆ ಐದು ಶಿಲ್ಲಿಂಗು ದಂಡವಿತ್ತು. ಅವರು ಭಕ್ತಿಹೀನರಲ್ಲ, ಅರ್ಥ ತಪ್ಪಿದ ಆಚರಣೆಗೆ ಹೆದರಿದವರು. ಆದರೆ ದಂಡವು ಮಗುವಿನ ಪ್ರಶ್ನೆಗೆ ಉತ್ತರವಾಗಲಾರದು.

ಇನ್ನೊಬ್ಬ ದೇವಭಕ್ತನು ಬೇರೆ ದಾರಿಯನ್ನು ಹಿಡಿದನು. ಹಂಬುರ್ಗ್ ಪಟ್ಟಣದಲ್ಲಿ ಬಡ ಮಕ್ಕಳನ್ನು ಸಾಕುತ್ತಿದ್ದ ವಿಖೆರ್ನ್ ಎಂಬ ಬೋಧಕನ ಕುರಿತು ಹೀಗೆ ಹೇಳುತ್ತಾರೆ: ಹಬ್ಬವು ಯಾವಾಗ ಬರುವದೆಂದು ಮಕ್ಕಳು ದಿನಾಲೂ ಅವನನ್ನು ಕೇಳುತ್ತಿದ್ದರು. 1839ರಲ್ಲಿ ಅವನು ಗಾಡಿಯ ಒಂದು ಹಳೇ ಚಕ್ರವನ್ನು ತಕ್ಕೊಂಡು, ಆದಿತ್ಯವಾರಗಳಿಗೆ ನಾಲ್ಕು ದೊಡ್ಡ ಮೇಣದ ಬತ್ತಿಗಳನ್ನೂ ಉಳಿದ ದಿನಗಳಿಗೆ ಚಿಕ್ಕವುಗಳನ್ನೂ ಅದರ ಮೇಲೆ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದನು. ದಿನ ದಿನಕ್ಕೆ ಬೆಳಕು ಹೆಚ್ಚಾಗುವದನ್ನು ಮಕ್ಕಳು ಕಣ್ಣಾರೆ ಕಂಡರು. ಈಗ ಅನೇಕ ದೇವಾಲಯಗಳಲ್ಲಿ ಕಾಣುವ ಆಗಮನ ಕಾಲದ ನಾಲ್ಕು ದೀಪಗಳು ಆ ಚಕ್ರದ ಸಂತತಿಯೇ. ಆ ಪದ್ಧತಿಯು ಯಾಕೆ ಬಾಳಿತು? ಅದು ಮಗುವಿನ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದರಿಂದಲೇ.

ಈಗ ನಮ್ಮ ಸ್ವಂತ ಮನೆಯ ಸಂಗತಿಯೊಂದನ್ನು ಹೇಳುವೆವು. ಅದರಲ್ಲಿ ನಮಗೆ ನಾಚಿಕೆಯಾಗುವಂಥದೂ ಉಂಟು. ಆದರೂ ಇತರರಿಗೆ ಬುದ್ಧಿಯಾದೀತೆಂದು ಮುಚ್ಚದೆ ಹೇಳುತ್ತೇವೆ.

ಬೇಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರಷ್ಟೆ. ಅವರ ಕೆಲಸದ ಫಲವಾಗಿ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಸುವಾರ್ತೆಯನ್ನು ಕೇಳಿ ನಂಬಿದವರಲ್ಲಿ ನಮ್ಮ ಮುತ್ತಜ್ಜನವರೂ ಒಬ್ಬರು. ಅವರು ಮಗ್ಗದ ಕೆಲಸದವರು. ದೀಕ್ಷಾಸ್ನಾನ ಹೊಂದಿದ ವರುಷ ಅವರ ಅಣ್ಣತಮ್ಮಂದಿರು ಅವರ ಸಂಗಡ ಉಣ್ಣುವದನ್ನು ಬಿಟ್ಟರು. ಬಾವಿಯ ನೀರು ತಪ್ಪಿತು. ಮದುವೆ ಮುಂಜಿಯ ಕರೆ ನಿಂತಿತು. ಮೊದಲನೆಯ ಕ್ರಿಸ್ತ ಜಯಂತಿಯ ರಾತ್ರಿಯಲ್ಲಿ ಮುತ್ತಜ್ಜಿಯು ಗೋಧಿ ಹುಗ್ಗಿಯನ್ನು ಮಾಡಿ, ರೂಢಿಯಂತೆ ದೊಡ್ಡ ಪಾತ್ರೆಯನ್ನೇ ಇಳಿಸಿ ನೋಡಿದರೆ, ಉಣ್ಣುವವರು ತಾವು ಐದೇ ಮಂದಿ. ಆಕೆಯು ಅತ್ತಳಂತೆ. ಆಗ ಮುತ್ತಜ್ಜನವರು ಲೂಕನ ಸುವಾರ್ತೆಯ 2ನೆಯ ಅಧ್ಯಾಯವನ್ನು ಓದಿ, ನಮ್ಮ ಕರ್ತನಿಗೂ ಆ ರಾತ್ರಿ ಯಾರ ಮನೆಯಲ್ಲಿಯೂ ಸ್ಥಳವಿರಲಿಲ್ಲ, ಆದಕಾರಣ ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರಿಗೆ ಸ್ಥಳವಿರಬೇಕು ಎಂದು ಹೇಳಿ, ಮುತ್ತುಗದ ಎಲೆಯ ಪತ್ರಾವಳಿಯನ್ನು ಒಂದು ಹೆಚ್ಚಾಗಿ ಹಾಕಿಸಿದರು. ಬಳಿಕ ಕಂದೀಲು ಹಿಡಿದು ಊರ ಹೊರಗಿನ ಛತ್ರಕ್ಕೆ ಹೋಗಿ, ಸಂತೆಯಿಂದ ತಿರುಗುವಾಗ ಹೊತ್ತಾಗಿ ಅಲ್ಲಿ ಉಳಿದಿದ್ದ ಒಬ್ಬ ದಾರಿಹೋಕನನ್ನು ಕರತಂದು ಉಣಿಸಿದರು. ಅವನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಪತ್ರಾವಳಿಯು ಮಾತ್ರ ಉಳಿಯಿತು.

ನಮ್ಮ ಅಜ್ಜನವರ ಕಾಲದಲ್ಲಿ ಅನೇಕ ಸಂಗತಿಗಳು ಬದಲಾದವು. ಪತ್ರಾವಳಿ ಹೋಗಿ ಹಿತ್ತಾಳೆಯ ಗಂಗಾಳ ಬಂತು. ಬೆಳಗಿನ ಜಾವದಲ್ಲಿ ದಮ್ಮಡಿ ಬಡಿಯುತ್ತಾ ಮನೆಮನೆಗೆ ಹೋಗಿ ಹಾಡುವವರ ಕೈಗೆ ಹಾರ್ಮೋನಿಯಮ್ ಬಂತು. ದೇವಾಲಯದಲ್ಲಿ ಗಾಳಿಮರದ ಕೊಂಬೆಯನ್ನು ನಿಲ್ಲಿಸಿ, ಅದಕ್ಕೆ ಬಣ್ಣದ ಕಾಗದ ಕಟ್ಟಿದರು. ಬಿದಿರ ಕಡ್ಡಿಗೆ ಕಾಗದ ಅಂಟಿಸಿ, ಒಳಗೆ ಹಣತೆಯಿಟ್ಟು ನಕ್ಷತ್ರವನ್ನು ತೂಗಹಾಕಿದರು. ಇವೆಲ್ಲವೂ ಬಂದರೂ ಅಜ್ಜನವರು ಹಬ್ಬದ ಸಂಜೆ ಒಂದು ಸುತ್ತು ಊರಲ್ಲಿ ತಿರುಗಿ, ಯಾರಾದರೊಬ್ಬರನ್ನು ಮನೆಗೆ ಕರತಾರದೆ ಊಟಕ್ಕೆ ಕೂಡ್ರುತ್ತಿರಲಿಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಆ ತಿರುಗಾಟವು ಕಡಿಮೆಯಾಯಿತು. ನೆಂಟರ ಸಿಟ್ಟು ಇಳಿದಿತ್ತು. ಊರವರು ನಮ್ಮಲ್ಲಿಗೆ ಬರುತ್ತಿದ್ದರು, ನಾವು ಅವರಲ್ಲಿಗೆ ಹೋಗುತ್ತಿದ್ದೆವು. ಮನೆಯಲ್ಲಿ ಮಂದಿ ತುಂಬಿರುವಾಗ ಹೊರಗಿನವನನ್ನು ಹುಡುಕುವದು ಯಾತಕ್ಕೆ? ಆದರೂ ಹಿರಿಯರು ಮಾಡುತ್ತಿದ್ದದ್ದೆಂದು ಗಂಗಾಳವನ್ನು ಇಡುತ್ತಿದ್ದರು. ಅದರಲ್ಲಿ ಬಡಿಸಿದ್ದನ್ನು ಮರುದಿನ ಆಕಳಿಗೆ ಹಾಕುತ್ತಿದ್ದರು. ಹೀಗೆ ಅತಿಥಿಯು ಹೋದನು, ಅವನ ಗಂಗಾಳವು ಉಳಿಯಿತು.

ತಂದೆಯವರು ಕರ್ತನಲ್ಲಿ ನಿದ್ರೆಹೋದ ಮೇಲೆ ಮೊದಲನೆಯ ಹಬ್ಬವು ಬಂದಾಗ, ನಮ್ಮ ತಾಯಿಯವರು ಆ ಬರಿದಾದ ಸ್ಥಳದಲ್ಲಿ ತಂದೆಯವರ ಸ್ವಂತ ತಾಟನ್ನೇ ಇಟ್ಟು, ಅವರಿಗೆ ಇಷ್ಟವಾಗಿದ್ದ ಹೋಳಿಗೆಯನ್ನೂ ತುಪ್ಪವನ್ನೂ ಬಡಿಸಿದರು. ಅದು ದುಃಖದಲ್ಲಿದ್ದ ವಿಧವೆಯ ಪ್ರೀತಿಯಲ್ಲದೆ ಬೇರೇನೂ ಅಲ್ಲವೆಂದು ನಾವು ಸುಮ್ಮನಿದ್ದೆವು. ಮರುವರುಷವೂ ಹಾಗೆಯೇ ಆಯಿತು. ಆಗ ನಮ್ಮ ಚಿಕ್ಕ ಮಗಳು, ‘ಅಪ್ಪಾ, ಈ ತಾಟು ಸತ್ತ ಅಜ್ಜಗ ಇಟ್ಟದ್ದೇನು? ಅಜ್ಜ ರಾತ್ರಿ ಬಂದು ಉಣ್ಣತಾನೇನು?’ ಎಂದು ಕೇಳಿದಳು.

ಪ್ರಿಯರೇ, ಸತ್ತವರಿಗೆ ಎಡೆಯಿಡುವ ಪದ್ಧತಿಯನ್ನು ಬಿಟ್ಟುಬಂದ ಮನೆತನ ನಮ್ಮದು. ಅದನ್ನು ಬಿಟ್ಟದ್ದಕ್ಕಾಗಿಯೇ ನಮ್ಮ ಮುತ್ತಜ್ಜನವರು ಅಣ್ಣತಮ್ಮಂದಿರನ್ನು ಕಳಕೊಂಡರು. ಜೀವವುಳ್ಳ ಕರ್ತನ ಹೆಸರಿನಲ್ಲಿ ಜೀವವುಳ್ಳ ಮನುಷ್ಯನಿಗಾಗಿ ಅವರು ಹಾಕಿದ ಎಲೆಯು ನಾಲ್ಕನೆಯ ತಲೆಯ ಮಗುವಿನ ಕಣ್ಣಿಗೆ ಸತ್ತವರ ಎಡೆಯಾಗಿ ಕಂಡಿತು! ಆ ಮಗುವಿನಲ್ಲಿ ತಪ್ಪಿರಲಿಲ್ಲ. ಅವಳ ತಂದೆಯಾದ ನಾವು ಅದರ ಅರ್ಥವನ್ನು ಅವಳಿಗೆ ಎಂದೂ ಹೇಳಿರಲಿಲ್ಲ. ಆ ರಾತ್ರಿಯಾದರೂ ಹೇಳಿದೆವೋ? ಇಲ್ಲ. ‘ಸುಮ್ಮನ ಉಣ್ಣು’ ಎಂದು ಗದರಿಸಿದೆವು. ಮೋಶೆಯು ಉತ್ತರ ಕೊಡಬೇಕೆಂದು ಕಲಿಸಿದ ಪ್ರಶ್ನೆಯು ನಮ್ಮ ಪಂಕ್ತಿಗೆ ಬಂದಾಗ ನಾವು ಅದರ ಬಾಯಿ ಮುಚ್ಚಿಸಿದೆವು.

ಇದಕ್ಕೆ ಸಮಾನವಾದ ಸಂಗತಿಯು ದೇವರ ವಾಕ್ಯದಲ್ಲಿ ಉಂಟು. ಅರಣ್ಯದಲ್ಲಿ ಇಸ್ರಾಯೇಲ್ಯರು ಸರ್ಪಗಳಿಂದ ಕಚ್ಚಲ್ಪಟ್ಟಾಗ ಮೋಶೆಯು ದೇವರ ಅಪ್ಪಣೆಯಂತೆ ತಾಮ್ರದ ಸರ್ಪವನ್ನು ಮಾಡಿಸಿ ಕಂಬದ ಮೇಲೆ ಎತ್ತಿದನು. ಅದನ್ನು ನೋಡಿದವರು ಬದುಕಿದರು. ಐನೂರು ವರುಷಗಳಿಗಿಂತ ಹೆಚ್ಚು ಕಾಲವು ಕಳೆದ ಮೇಲೆ, ಹಿಜ್ಕೀಯನೆಂಬ ಅರಸನ ದಿನಗಳಲ್ಲಿ ನೋಡಿದರೆ, ಜನರು ಅದೇ ಸರ್ಪಕ್ಕೆ ಧೂಪಹಾಕುತ್ತಿದ್ದರು. ದೇವರ ಕಡೆಗೆ ನೋಡಿಸಿದ ಗುರುತು ದೇವರಿಗೆ ಅಡ್ಡವಾಗಿ ನಿಂತಿತು. ಹಿಜ್ಕೀಯನು ಅದನ್ನು ಚೂರುಚೂರಾಗಿ ಒಡಿಸಿಬಿಟ್ಟನೆಂದು ಎರಡನೆಯ ಅರಸುಗಳ ಪುಸ್ತಕದ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮೋಶೆಯ ಕೈಯಿಂದಾದ ವಸ್ತುವಿಗೇ ಈ ಗತಿಯಾದರೆ, ನಮ್ಮ ಅಜ್ಜ ಮುತ್ತಜ್ಜಂದಿರ ಪದ್ಧತಿಗಳು ಅದಕ್ಕಿಂತ ದೊಡ್ಡವೋ?

ಈ ಭಾಗವನ್ನೇ ಆಧಾರಮಾಡಿಕೊಂಡು ನಾವು ಮರುವರುಷ ಆ ತಾಟನ್ನು ತೆಗೆದಿಟ್ಟೆವು. ತಾಯಿಯವರು ಬಾಗಿಲಲ್ಲಿ ಕೂತು, ‘ನಿಮ್ಮಪ್ಪನ್ನ ಎರಡನೇ ಸಲ ಮನಿ ಹೊರಗ ಕಳಿಸಿದ್ಯಲ್ಲೋ’ ಎಂದು ಅತ್ತರು. ನಾವಾದರೋ ಸತ್ಯವನ್ನು ಕಾಪಾಡಿದೆವೆಂದು ಎಣಿಸಿ ಊಟಕ್ಕೆ ಕೂತೆವು.

ಅದೇ ರಾತ್ರಿ ಬಾಗಿಲು ತಟ್ಟಿದ ಸಪ್ಪಳವಾಯಿತು. ಊರ ಹೊರಗೆ ಕಬ್ಬು ಕಡಿಯುವವರ ಗುಡಿಸಲುಗಳು ಬಿದ್ದಿದ್ದವು. ಅಲ್ಲಿಯ ಒಬ್ಬ ಹೆಂಗಸು, ಜ್ವರ ಬಂದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಸ್ವಲ್ಪ ಹಾಲು ಸಿಕ್ಕೀತೋ ಎಂದು ಕೇಳಲು ಬಂದಿದ್ದಳು. ಮನೆಯ ತುಂಬಾ ಬೀಗರೂ ನೆಂಟರೂ ಇದ್ದರು. ನಾವು ಕೈತೊಳೆಯದೆ ಬಾಗಿಲ ವರೆಗೆ ಹೋಗಿ, ‘ಇವತ್ತು ಹಬ್ಬದ ಗದ್ದಲದಾಗ ಅದೇವಿ, ನಾಳೆ ಮುಂಜಾನೆ ಬಾರವ್ವಾ’ ಎಂದು ಹೇಳಿ ತಿರುಗಿ ಬಂದು ಕೂತೆವು. ಮುಂಜಾನೆ ತಾಯಿಯವರು ಹಾಲು ಕಾಸಿ ತಕ್ಕೊಂಡು ಹೋದಾಗ ಗುಡಿಸಲುಗಳು ಬಿಚ್ಚಲ್ಪಟ್ಟಿದ್ದವು; ತಂಡವು ನಸುಕಿನಲ್ಲಿಯೇ ಗಾಡಿ ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋಗಿತ್ತು. ಆ ಕೂಸಿನ ಗತಿ ಏನಾಯಿತೋ ನಮಗೆ ತಿಳಿಯಲಿಲ್ಲ.

ಸಹೋದರರೇ, ಬೇತ್ಲೆಹೇಮಿನಲ್ಲಿ ಸ್ಥಳವಿಲ್ಲವೆಂದು ಹೇಳಿದವರನ್ನು ನಾವು ಎಷ್ಟೋ ವರುಷ ಪ್ರಸಂಗಗಳಲ್ಲಿ ಕಠಿಣ ಹೃದಯದವರೆಂದು ಕರೆದಿದ್ದೆವು. ಅವರು ಕಠಿಣರೇನೂ ಆಗಿರಲಿಕ್ಕಿಲ್ಲ. ನಮ್ಮಂತೆಯೇ ಮನೆ ತುಂಬಿದವರಾಗಿದ್ದಿರಬಹುದು. ಆ ದಿನ ನಮಗೆ ತಿಳಿದದ್ದೇನಂದರೆ, ತಪ್ಪು ಗುರುತನ್ನು ತೆಗೆದುಹಾಕುವದು ಕೆಲಸದ ಅರ್ಧಭಾಗ ಮಾತ್ರ. ಹಿಜ್ಕೀಯನು ತಾಮ್ರವನ್ನು ಒಡಿಸಿದನು. ಆದರೂ ಅದರ ಅರ್ಥವು ಒಡೆದುಹೋಗಲಿಲ್ಲ. ನಮ್ಮ ಕರ್ತನು ತಾನು ಶಿಲುಬೆಯ ಮೇಲೆ ಎತ್ತಲ್ಪಡುವದನ್ನು ನಿಕೊದೇಮನಿಗೆ ತಿಳಿಸುವಾಗ ಆ ಸರ್ಪದ ಸಂಗತಿಯನ್ನೇ ಎತ್ತಿ ಹೇಳಿದನಲ್ಲವೇ? ನಾವಾದರೋ ತಾಟನ್ನು ತೆಗೆಯುವಾಗ ಅದರ ಅರ್ಥವನ್ನೂ ಮನೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದ್ದೆವು.

ಇನ್ನೊಂದು ವರುಷ ಕಳೆಯಿತು. ಆಗಮನ ಕಾಲದ ಒಂದು ಸಂಜೆ ಮನೆಯ ಪ್ರಾರ್ಥನೆಯಲ್ಲಿ ನೆಹೆಮೀಯನ ಪುಸ್ತಕದ 8ನೆಯ ಅಧ್ಯಾಯವು ಸರದಿಯಾಗಿ ಬಂತು. ಸೆರೆಯಿಂದ ತಿರುಗಿ ಬಂದ ಜನರು ಧರ್ಮಶಾಸ್ತ್ರವನ್ನು ಕೇಳಿ ಅತ್ತರು. ಆಗ ಎಜ್ರನೂ ನೆಹೆಮೀಯನೂ, ಅಳಬೇಡಿರಿ, ಒಳ್ಳೇ ಊಟವನ್ನು ಉಣ್ಣಿರಿ, ಏನೂ ಸಿದ್ಧಮಾಡಿಕೊಳ್ಳದವರಿಗೆ ಪಾಲನ್ನು ಕಳುಹಿಸಿರಿ ಎಂಬ ಅರ್ಥದ ಮಾತುಗಳನ್ನು ಅವರಿಗೆ ಹೇಳಿದರು. ಮರುದಿನ ಶಾಸ್ತ್ರದಲ್ಲಿ ಪರ್ಣಶಾಲೆಗಳ ಹಬ್ಬದ ವಿಧಿಯನ್ನು ಕಂಡು, ಜನರು ಗುಡ್ಡಕ್ಕೆ ಹೋಗಿ ಕೊಂಬೆಗಳನ್ನು ತಂದು, ತಮ್ಮ ತಮ್ಮ ಮಾಳಿಗೆಗಳ ಮೇಲೆಯೂ ಅಂಗಳಗಳಲ್ಲಿಯೂ ಗುಡಿಸಲು ಹಾಕಿದರು. ಯೆಹೋಶುವನ ದಿನಗಳಿಂದ ಆ ಹಬ್ಬವು ಅಂಥ ರೀತಿಯಲ್ಲಿ ನಡೆದಿರಲಿಲ್ಲ. ಹಳೇ ಆಚರಣೆಯು ತಿರುಗಿ ಬಂತು. ಆದರೆ ಮೊದಲು ವಾಕ್ಯವು, ಆ ಮೇಲೆ ಇಲ್ಲದವರ ಪಾಲು, ಕಡೆಗೆ ಕೊಂಬೆಗಳು.

ಓದಿ ಮುಗಿಸಿದಾಗ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, ‘ತಾಟು ಇಡೋದು ಬ್ಯಾಡಪಾ. ಮೊದಲ ಉಣ್ಣಾವ್ರನ್ನ ಹುಡುಕು, ಆಮ್ಯಾಲೆ ತಾಟು ಇಡೂಣು’ ಎಂದರು. ನಾವು ಓದಿದ ಅನೇಕ ವ್ಯಾಖ್ಯಾನಗಳಿಗಿಂತ ಆ ಮಾತಿನಲ್ಲಿ ಹೆಚ್ಚು ಬೆಳಕಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕ್ರಮವು. ಹಬ್ಬಕ್ಕೆ ಮುಂಚಿನ ವಾರದಲ್ಲಿ ಮಕ್ಕಳು ಊರಲ್ಲಿ ವಿಚಾರಿಸುತ್ತಾರೆ: ಒಂಟಿಯಾಗಿರುವವರು ಯಾರು? ಮಗನು ಬಿಟ್ಟುಹೋದ ಮುದುಕರು ಯಾರು? ದುಡಿಯಲಿಕ್ಕೆ ಬಂದು ಬಯಲಲ್ಲಿ ಇರುವವರು ಯಾರು? ಅವರು ಯಾವ ಜಾತಿಯವರು, ಯಾವ ಮತದವರು ಎಂದು ಕೇಳುವದಿಲ್ಲ. ಬರುವವರು ಬರುತ್ತಾರೆ. ಬರಲಾರದವರಿಗೆ ಬುತ್ತಿ ಕಟ್ಟಿ, ನಾವು ಉಣ್ಣುವದಕ್ಕಿಂತ ಮುಂಚೆ ಒಯ್ದು ಕೊಡುತ್ತಾರೆ. ಬೆಂಗಳೂರಲ್ಲಿರುವ ನಮ್ಮ ಮಗನು ಹಬ್ಬಕ್ಕೆ ಊರಿಗೆ ಬರಲಾಗದ ವರುಷ, ತನ್ನ ಕಟ್ಟಡವನ್ನು ರಾತ್ರಿ ಕಾಯುವವನನ್ನು ಊಟಕ್ಕೆ ಕೂಡ್ರಿಸಿಕೊಂಡದ್ದನ್ನು ಫೋನಿನಲ್ಲಿ ಅಜ್ಜಿಗೆ ತೋರಿಸಿದನು. ಅಲ್ಲಿ ಹುಗ್ಗಿ ಇರಲಿಲ್ಲ. ಅಂಗಡಿಯಿಂದ ತಂದ ಕೇಕೂ ಅನ್ನವೂ ಇದ್ದವು. ಬಾಗಿಲಲ್ಲಿ ಹಣತೆಯ ನಕ್ಷತ್ರವಿರಲಿಲ್ಲ, ವಿದ್ಯುತ್ತಿನದಿತ್ತು. ಆದರೂ ತಾಯಿಯವರು ಅದನ್ನು ನೋಡಿ, ನಮ್ಮ ಮನೆಯ ಹಬ್ಬವೇ ನಡೆದಿದೆ ಎಂದರು.

ಆದಕಾರಣ, ಪ್ರಿಯರೇ, ಈ ವರುಷ ಹಬ್ಬಕ್ಕೆ ಸಿದ್ಧರಾಗುವಾಗ ನಿಮ್ಮ ಮನೆಯ ಪ್ರತಿಯೊಂದು ಪದ್ಧತಿಯನ್ನೂ ಎದುರಿಗಿಟ್ಟುಕೊಂಡು ಮೂರು ಸಂಗತಿಗಳನ್ನು ವಿಚಾರಿಸಿರಿ.

ಮೊದಲನೆಯದು: ಮಗುವು ಇದರ ಅರ್ಥವನ್ನು ಕೇಳಿದರೆ, ಯೇಸುವಿನ ಹೆಸರನ್ನು ಹೇಳಿ ಉತ್ತರ ಕೊಡಬಲ್ಲೆವೋ? ಕೊಡಬಲ್ಲೆವಾದರೆ, ಅದು ಹಳೇದಾಗಿರಲಿ ಹೊಸದಾಗಿರಲಿ, ಕೃತಜ್ಞತೆಯಿಂದ ಮಾಡೋಣ. ಹಿರಿಯರೇ, ಮಕ್ಕಳು ತಂದ ವಿದ್ಯುತ್ತಿನ ನಕ್ಷತ್ರವನ್ನು ಹಳಿಯಬೇಡಿರಿ. ಅದರ ಕೆಳಗೆ ಕೂತು ಜ್ಞಾನಿಗಳ ಕಥೆಯನ್ನು ಅವರಿಗೆ ಹೇಳಿರಿ. ಕಿರಿಯರೇ, ಅಜ್ಜಿಯ ಪದ್ಧತಿಯನ್ನು ನಗಬೇಡಿರಿ. ಅದು ಹೇಗೆ ಹುಟ್ಟಿತೆಂದು ಆಕೆಯು ಇರುವಾಗಲೇ ಕೇಳಿಕೊಳ್ಳಿರಿ. ಆಕೆಯು ಹೋದ ಮೇಲೆ ಗಂಗಾಳವು ಮಾತಾಡದು.

ಎರಡನೆಯದು: ಇದು ನಮ್ಮನ್ನು ಸಾಲಕ್ಕೂ ಹೆಮ್ಮೆಗೂ ಒಯ್ಯುತ್ತದೋ? ಒಂದು ದಿನದ ಬಟ್ಟೆಗಾಗಿ ವರುಷವೆಲ್ಲಾ ಬಡ್ಡಿ ಕಟ್ಟುವ ಮನೆಗಳುಂಟು. ಗೋದಲಿಯಲ್ಲಿ ಬಟ್ಟೆ ಸುತ್ತಿ ಮಲಗಿಸಲ್ಪಟ್ಟಾತನು ನಮ್ಮಿಂದ ಅಂಥಾ ಕಾಣಿಕೆಯನ್ನು ಕೇಳುವದಿಲ್ಲ. ಹೀಗೆ ಭಾರವಾದದ್ದನ್ನು, ಅದು ಎಷ್ಟು ವರುಷದ್ದಾದರೂ, ಹಿಜ್ಕೀಯನ ಧೈರ್ಯದಿಂದ ಬಿಡೋಣ. ಬಿಡುವಾಗ ನೋಯುವವರಿದ್ದರೆ ಅವರ ಕೈಹಿಡಿದು ಬಿಡೋಣ. ನಾವು ನಮ್ಮ ತಾಯಿಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಸತ್ಯವನ್ನು ಕಲ್ಲಿನಂತೆ ಎಸೆದೆವು.

ಮೂರನೆಯದು: ನಮ್ಮ ಹಬ್ಬದ ಊಟದಲ್ಲಿ, ನಮಗೆ ತಿರುಗಿ ಊಟ ಹಾಕಲಾರದವನು ಯಾರಾದರೂ ಇದ್ದಾನೋ? ಔತಣಮಾಡುವಾಗ ನೆಂಟರನ್ನೂ ಐಶ್ವರ್ಯವಂತರನ್ನೂ ಅಲ್ಲ, ಬಡವರನ್ನೂ ಊನವಾದವರನ್ನೂ ಕುರುಡರನ್ನೂ ಕರೆಯಬೇಕೆಂದು ಕರ್ತನು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕಲಿಸಿದ್ದಾನೆ. ನಮ್ಮ ಮನೆಗಳು ಒಂದು ಕಾಲದಲ್ಲಿ ಬರಿದಾಗಿದ್ದವು, ಆದದರಿಂದ ಬಾಗಿಲು ತೆರೆದಿದ್ದವು. ಈಗ ದೇವರ ಕೃಪೆಯಿಂದ ತುಂಬಿವೆ. ತುಂಬಿದ ಮನೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ಎಚ್ಚರದಿಂದ ತೆರೆದಿಡಬೇಕು.

ಪದ್ಧತಿಗಳು ಬರುವವು, ಹೋಗುವವು. ನಮ್ಮ ಮೊಮ್ಮಕ್ಕಳು ನಾವು ಎಣಿಸದಂಥ ರೀತಿಯಲ್ಲಿ ಈ ಹಬ್ಬವನ್ನು ಆಚರಿಸುವರು. ಅದಕ್ಕಾಗಿ ನಾವು ಕಳವಳಪಡಬಾರದು. ಆದರೆ ಅವರ ಮಗುವು ಎದ್ದು, ಇದೆಲ್ಲಾ ಯಾತಕ್ಕೆ ಎಂದು ಕೇಳುವಾಗ, ಸ್ಥಳವಿಲ್ಲದೆ ಹುಟ್ಟಿದಾತನು ನಮಗೋಸ್ಕರ ತಂದೆಯ ಮನೆಯಲ್ಲಿ ಸ್ಥಳವನ್ನು ಸಿದ್ಧಮಾಡಿದ್ದಾನೆಂಬ ಉತ್ತರವು ಅವರ ಬಾಯಲ್ಲಿ ಇರುವಂತೆ ನಾವು ಇಂದೇ ಅದನ್ನು ಅವರ ಕಿವಿಯಲ್ಲಿ ಹಾಕೋಣ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನ್ನ ಮಗನನ್ನು ನಮಗೆ ಕೊಟ್ಟದ್ದಕ್ಕಾಗಿ ನಿನ್ನನ್ನು ಸ್ತುತಿಸುತ್ತೇವೆ. ನಮ್ಮ ಬಾಗಿಲಿಗೆ ಬಂದಾತನನ್ನು ನಾಳೆ ಬಾ ಎಂದು ಕಳುಹಿಸಿದ ನಮ್ಮ ಪಾಪವನ್ನು ಕ್ಷಮಿಸು. ಆ ಹಾಲಿಲ್ಲದ ಕೂಸನ್ನೂ ಅದರ ತಾಯಿಯನ್ನೂ, ಅವರು ಎಲ್ಲಿದ್ದರೂ, ನಿನ್ನ ಕೈಯಲ್ಲಿ ಹಿಡಿದಿರು. ನಮ್ಮ ಮಕ್ಕಳು ಕೇಳುವಾಗ ನಮ್ಮ ಬಾಯಿಗೆ ಉತ್ತರವನ್ನೂ, ನಮ್ಮ ಕೈಗಳಿಗೆ ಆ ಉತ್ತರಕ್ಕೆ ತಕ್ಕ ಕೆಲಸವನ್ನೂ ಕೊಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.